ತೊಡೆಗೆ ಹಚ್ಚಿದ ಅರಿಶಿನ

ನಾನು ಬಿದ್ದದ್ದು ಮೂರು ಮೆಟ್ಟಿಲಿನಿಂದ. ಮರ ಹತ್ತಿ ಬೀಳಲಿಲ್ಲ, ಬಸ್ಸಿನಿಂದಲೂ ಬೀಳಲಿಲ್ಲ. ನಮ್ಮೂರ ಹಾಲಿನ ಡೇರಿಗೆ ಇರುವುದೇ ಮೂರು ಮೆಟ್ಟಿಲು. ಬೆಳಿಗ್ಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡು ಇಳಿಯುತ್ತಿದ್ದೆ. ಯಾರೋ ಚೆಲ್ಲಿದ್ದ ಹಾಲಿನ ಮೇಲೆ ಕಾಲು ಜಾರಿತು. ಬಲಮಗ್ಗುಲಿಗೆ ಬಿದ್ದೆ. ಕ್ಯಾನಿನ ಮುಚ್ಚಳ ಉರುಳಿಕೊಂಡು ಚರಂಡಿ ಕಡೆಗೆ ಹೋಯಿತು. ಮೊದಲು ನಾನು ಕೂಗಿದ್ದು, "ಮುಚ್ಚಳ ಹಿಡೀರ್ರೋ" ಅಂತ. ಆಮೇಲೆ ಏಳೋಣ ಅಂತ ನೋಡಿದರೆ ಬಲಗಾಲು ನನ್ನ ಮಾತು ಕೇಳಲಿಲ್ಲ. ಪಾದ ಹೊರಕ್ಕೆ ವಾಲಿಕೊಂಡು ಬಿದ್ದಿತ್ತು, ಯಾರದ್ದೋ ಕಾಲನ್ನು ತಂದು ನನ್ನ ಪಕ್ಕ ಇಟ್ಟ ಹಾಗೆ.

ನನ್ನ ಹೆಸರು ಮುನಿಯಮ್ಮ. ನಂದಗುಡಿ ಹತ್ತಿರದ ಹಳ್ಳಿ. ವಯಸ್ಸು ಎಪ್ಪತ್ತರ ಮೇಲೆ ಎಷ್ಟೋ. ಆಧಾರ್ ಕಾರ್ಡಿನಲ್ಲಿ ಒಂದಿದೆ, ನಮ್ಮವ್ವ ಹೇಳುತ್ತಿದ್ದದ್ದು ಇನ್ನೊಂದು. ಓದಿದ್ದು ನಾಲ್ಕನೇ ಕ್ಲಾಸು. ಬರೆಯುವ ಚಟ ನನಗಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಊರಿನ ಹೆಂಗಸರು ಬಂದು ಬಂದು "ಏನಾಯ್ತು, ಹೆಂಗಾಯ್ತು, ನೋವಾಯ್ತಾ" ಅಂತ ಕೇಳಿ ಕೇಳಿ ನನ್ನ ಬಾಯಿ ಒಣಗಿತು. ಅವರಲ್ಲಿ ಅರ್ಧಕ್ಕರ್ಧ ಜನ ಮಂಡಿ ಹಿಡಿದುಕೊಂಡೇ ಕೂರುವವರು. ನಾಳೆ ಅವರೂ ಬೀಳುತ್ತಾರೆ. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿ, ಸುತ್ತ ಏನು ನಡೆಯುತ್ತಿದೆ ಅಂತ ತಿಳಿಯದೆ ಕಣ್ಣು ಬಿಡುವಾಗ, ಹೀಗೇ ಇನ್ನೊಬ್ಬಳೂ ಕಣ್ಣು ಬಿಟ್ಟಿದ್ದಳು ಅಂತ ಗೊತ್ತಿರಲಿ ಎಂದು ಬರೆದಿದ್ದೇನೆ. ಇದನ್ನು ಸೊಸೆ ಸರೋಜ ಓದುತ್ತಾಳೆ. ಅದು ಗೊತ್ತಿದ್ದೇ ಬರೆದಿದ್ದೇನೆ.

ಎತ್ತಿಕೊಂಡು ಬಂದು ಮನೆಯಲ್ಲಿ ಮಲಗಿಸಿದರು. ನೋಡಲು ಬಂದವರೆಲ್ಲ ಉಳುಕು ಅಂದರು. ಎಣ್ಣೆ ಕಾಯಿಸಿ ನೀವಿದರು. ನೀವಿದಷ್ಟೂ ಪ್ರಾಣ ಹೋಯಿತು. ಪಕ್ಕದ ಮನೆಯ ಪಿಳ್ಳಪ್ಪ ಮಾತ್ರ, "ಮೂಳೆ ಏನಾರಾ ಹೋಗಿದ್ರೆ ಕಟ್ಟು ಕಟ್ಟೋರ ತಾವ ಕರ್ಕೊಂಡೋಗ್ರಪ್ಪಾ, ಆಸ್ಪತ್ರೆ ಗೀಸ್ಪತ್ರೆ ಬ್ಯಾಡ, ಕೊಯ್ದಾಕ್ಬಿಡ್ತಾರೆ" ಅಂದ. ನನಗೂ ಅದೇ ಸರಿ ಅನಿಸಿತ್ತು.

ಎರಡನೆಯ ದಿನ ಸಂಜೆ ಸರೋಜ ಕೆಲಸದಿಂದ ಬಂದು ನನ್ನ ಕಾಲ ಬುಡದಲ್ಲಿ ನಿಂತುಕೊಂಡಳು. ಅವಳು ಹೊಸಕೋಟೆ ಕಡೆ ಗಾರ್ಮೆಂಟ್ಸಿನಲ್ಲಿ ಪ್ಯಾಂಟಿನ ಕಾಲು ಹೊಲಿಯುವವಳು. ಅರ್ಧ ಇಂಚು ಹೆಚ್ಚುಕಡಿಮೆಯಾದರೂ ಅವಳ ಕಣ್ಣಿಗೆ ಚುಚ್ಚುತ್ತದೆ. ಬಹಳ ಹೊತ್ತು ನೋಡಿದಳು.

"ಅತ್ತೆ, ಒಂದು ಕಾಲು ಗಿಡ್ಡ ಆಗೈತೆ."

"ಹುಚ್ಚಿಯೇನೆ? ಕಾಲು ಗಿಡ್ಡ ಆಗಕ್ಕೆ ಅದೇನು ಒಗೆದ ಬಟ್ಟೆನಾ?"

ಅವಳು ಬ್ಯಾಗಿನಿಂದ ಟೇಪು ತೆಗೆದು ಸೊಂಟದಿಂದ ಹಿಮ್ಮಡಿವರೆಗೆ ಎರಡೂ ಕಾಲು ಅಳೆದಳು. ಬಲಗಾಲು ಒಂದಿಂಚು ಕಮ್ಮಿ. ನನ್ನ ಮಗ ಮಂಜುನಾಥನಿಗೆ ಟೇಪು ತೋರಿಸಿ, "ನಾಳೆ ಬೆಳಿಗ್ಗೆ ಆಸ್ಪತ್ರೆಗೆ. ಕಟ್ಟುಗಿಟ್ಟು ಏನೂ ಬೇಡ" ಅಂದಳು. ಅವಳು ನನ್ನ ಮನೆಗೆ ಬಂದು ಹದಿನೆಂಟು ವರ್ಷ. ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ನನಗೆ ಸಿಟ್ಟು ಬಂತು, ಆದರೆ ಎದ್ದು ಹೋಗುವ ಹಾಗಿರಲಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದರು. ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ಡಾಕ್ಟರು ಏನೋ ಹೇಳಿದರು. ಮಂಜುನಾಥ ತಲೆಯಾಡಿಸಿದ. ಅವನಿಗೂ ಅರ್ಥವಾಗಿಲ್ಲ ಅಂತ ಅವನ ಮುಖ ನೋಡಿಯೇ ಗೊತ್ತಾಯಿತು. ನಾನೇ ಕೇಳಿದೆ. ಆ ಡಾಕ್ಟರು ಒಳ್ಳೆಯವನು, ಒರಳುಕಲ್ಲು ನೋಡಿದ್ದೀರಾ ಅಜ್ಜಿ ಅಂದ. ನೋಡೋದೇನು, ಅದರ ಮುಂದೆ ಕೂತೇ ನನ್ನ ಅರ್ಧ ಆಯಸ್ಸು ಹೋಗಿದೆ. "ಸೊಂಟದಲ್ಲಿ ಒರಳು ಇರುತ್ತೆ, ತೊಡೆ ಮೂಳೆ ತುದೀಲಿ ಗುಂಡು ಇರುತ್ತೆ. ನಿಮ್ಮ ಒರಳು ಚೆನ್ನಾಗಿದೆ, ಗುಂಡಿನ ಕತ್ತು ಮುರಿದಿದೆ. ದೊಡ್ಡಾಸ್ಪತ್ರೆಗೆ ಹೋಗಿ, ಗುಂಡು ಬದಲಾಯಿಸ್ತಾರೆ" ಅಂದ.

"ಬದಲಾಯಿಸ್ದಿದ್ರೆ?"

"ಮಲಗಿದಲ್ಲೇ ಇರ್ಬೇಕಾಗುತ್ತೆ."

"ಕಕ್ಕಸಿಗೆ?"

ಅವನು ಸರೋಜಳ ಮುಖ ನೋಡಿದ. ಉತ್ತರ ಸಿಕ್ಕಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮತ್ತೆಯೂ ಹೀಗೇ ಬಿದ್ದಿದ್ದಳು, ಕಣದಲ್ಲಿ. ಆಗ ಯಾರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ನಾಲ್ಕು ವರ್ಷ ನಡುಮನೆಯ ಮೂಲೆಯಲ್ಲಿ ಮಲಗಿದ್ದಳು. ಅವಳ ಹೇಲುಚ್ಚೆ ಬಳಿದವಳು ನಾನು. ಒಳ್ಳೆಯ ಮನಸ್ಸಿನಿಂದ ಬಳಿದೆ ಅಂತ ಸುಳ್ಳು ಹೇಳುವುದಿಲ್ಲ. ಕೆಲವು ದಿನ ಅವಳು ಕರೆದರೂ ಕೇಳಿಸದ ಹಾಗೆ ಹಿತ್ತಲಲ್ಲಿ ನಿಂತಿದ್ದೇನೆ. ಆ ಮೂಲೆಯ ವಾಸನೆ ನನಗೆ ಗೊತ್ತು. ಅದಕ್ಕೇ ಎಕ್ಸರೇ ಕೋಣೆಯಲ್ಲೇ ತೀರ್ಮಾನ ಮಾಡಿದೆ: ಕೊಯ್ದರೂ ಸರಿ, ಸುತ್ತಿಗೆಯಲ್ಲಿ ಹೊಡೆದರೂ ಸರಿ, ನನ್ನ ಕಾಲಲ್ಲಿ ನಾನು ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಇನ್ನೇನೂ ಬೇಡ. ಓಡುವುದು, ಹೊಲಕ್ಕೆ ಹೋಗುವುದು ಏನೂ ಬೇಡ.

ದೊಡ್ಡಾಸ್ಪತ್ರೆಯಲ್ಲಿ ನಾನು ಮುನಿಯಮ್ಮ ಆಗಿರಲಿಲ್ಲ, ಹನ್ನೊಂದು ಆಗಿದ್ದೆ. ಹೆಂಗಸರ ಮೂಳೆ ವಾರ್ಡು, ಹಾಸಿಗೆ ನಂಬರ್ ಹನ್ನೊಂದು. "ಹನ್ನೊಂದಕ್ಕೆ ಬಿ.ಪಿ. ನೋಡಿದ್ರಾ?" "ಹನ್ನೊಂದರ ಕಡೆಯೋರು ಎಲ್ಲಿ?" ಬಲಗಾಲಿಗೆ ಪಟ್ಟಿ ಸುತ್ತಿ, ಮಂಚದ ಆಚೆಗೆ ಹಗ್ಗ ಬಿಟ್ಟು ತೂಕ ಕಟ್ಟಿದರು, ಬಾವಿಗೆ ಕೊಡ ಇಳಿಬಿಟ್ಟ ಹಾಗೆ. ಯಾಕೆ ಅಂದರೆ, ಎಳೀಬೇಕು ಅಂದರು. ಯಾವಾಗ ಆಪರೇಷನ್ನು ಅಂದರೆ, ಫಿಟ್‌ನೆಸ್ ಆಗಬೇಕು ಅಂದರು. ಫಿಟ್‌ನೆಸ್ ಅಂದರೆ ಏನು ಅಂದರೆ, ಎದೆ ನೋಡಬೇಕು ಅಂದರು. ಮುರಿದಿರುವುದು ಕಾಲು, ನೋಡುವುದು ಎದೆ. ಮಂಚದ ಸಮೇತ ನನ್ನನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಳ್ಳಿಕೊಂಡು ಹೋದರು. ಆಕಾಶ ಕಾಣಿಸಿತು, ಮತ್ತೆ ಸೂರು, ಮತ್ತೆ ಆಕಾಶ. ಎದೆಗೆ ತಣ್ಣಗಿನ ಲೋಳೆ ಸವರಿ ಏನೋ ಒತ್ತಿ ನೋಡಿದರು. ಬೆಳಿಗ್ಗೆ ಡಾಕ್ಟರುಗಳು ಗುಂಪಾಗಿ ಬರುವರು. ಹಿರಿಯವರು ಒಂದು ಹೇಳುವರು, ಕಿರಿಯರು ಬರೆದುಕೊಳ್ಳುವರು, ನನಗೆ ಮಾತ್ರ ಯಾರೂ ಹೇಳರು. ಒಬ್ಬರು ನಾಳೆ ಅಂದರೆ ಇನ್ನೊಬ್ಬರು ರಕ್ತ ಕಮ್ಮಿ ಇದೆ ಅನ್ನುವರು. ಮಂಜುನಾಥ ಹೋಗಿ ರಕ್ತ ಕೊಟ್ಟು ಬಂದ. ಅವನ ರಕ್ತವೇ ನನಗೆ ಹಾಕುತ್ತಾರಾ ಅಂದರೆ, ಇಲ್ಲ, ಅವನದು ಬೇರೆ ಯಾರಿಗೋ, ನನಗೆ ಇನ್ಯಾರದೋ ಅಂದರು. ಅದು ಯಾವ ನ್ಯಾಯವೋ ಇವತ್ತಿಗೂ ತಿಳಿದಿಲ್ಲ.

ಪಕ್ಕದ ಹನ್ನೆರಡರಲ್ಲಿ ಫಾತಿಮಾಬಿ ಅನ್ನುವ ಹೆಂಗಸು. ಹೊಸಕೋಟೆಯವಳೇ. ಸ್ಕೂಟರಿನಿಂದ ಬಿದ್ದು ಮೊಣಕಾಲು ಚಿಪ್ಪು ಒಡೆದಿತ್ತು. ನನಗಿಂತ ಮುಂಚೆ ಬಂದವಳಾದ್ದರಿಂದ ಅವಳೇ ನನಗೆ ಡಾಕ್ಟರು.

"ಅಕ್ಕಾ, ನಮ್ಮ ಯೂನಿಟ್‌ಗೆ ಆಪರೇಷನ್ನು ಮಂಗಳವಾರ, ಶುಕ್ರವಾರ ಮಾತ್ರ. ಹಿಂದಿನ ದಿನ ಬಂದು ಕಾಲ ಮೇಲೆ ಪೆನ್ನಲ್ಲಿ ಗೆರೆ ಎಳೆದ್ರು ಅಂದ್ರೆ ಗ್ಯಾರಂಟಿ. ಎಳೀಲಿಲ್ಲ ಅಂದ್ರೆ ಸುಮ್ನೆ ಮುದ್ದೆ ತಿಂದು ಮಲಕ್ಕೋ."

"ಗೆರೆ ಯಾಕೆ?"

"ಇನ್ನೊಂದು ಕಾಲು ಕೊಯ್ಯಬಾರ್ದಲ್ಲ, ಅದಕ್ಕೆ."

ನನಗೆ ನಗು ಬಂತು, ಹೆದರಿಕೆಯೂ ಬಂತು. ಅಂಥದ್ದೂ ಆಗುತ್ತದಾ?

ಆ ದಿನಗಳಲ್ಲಿ ನನಗೆ ತಡೆಯಲಾರದೆ ಇದ್ದದ್ದು ನೋವಲ್ಲ, ಬೆಡ್ ಪ್ಯಾನು. ಸರೋಜ ರಜೆ ಹಾಕಿ ಜೊತೆಗಿದ್ದಳು. ಪರದೆ ಎಳೆದು, ಸೊಂಟದ ಕೆಳಗೆ ಆ ತಣ್ಣಗಿನ ಪಾತ್ರೆ ಸರಿಸಿ, ಆಚೆ ತಿರುಗಿಕೊಂಡು ನಿಲ್ಲುವಳು. ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ನನಗೆ ಸುಲಭವಾಗುತ್ತಿತ್ತು, ಬೈಯಬಹುದಿತ್ತು. ನಾನು ಎರಡು ದಿನ ಊಟ ಬಿಟ್ಟು ನೋಡಿದೆ. ಸಿಸ್ಟರು ಬಂದು ಬೈದರು. "ಊಟ ಬಿಟ್ರೆ ಆಪರೇಷನ್ ಮಾಡಲ್ಲ" ಅಂದರು. ತಿಂದೆ.

ಒಪ್ಪಿಗೆ ಕಾಗದ ತಂದಾಗ ಮಂಜುನಾಥನ ಕೈಗೆ ಕೊಟ್ಟರು. ನಾನು ಕೈ ಚಾಚಿ, "ಕಾಲು ನಂದು, ರುಜು ನಾನ್ ಹಾಕ್ತೀನಿ" ಅಂದೆ. "ಅಜ್ಜಿಗೆ ಬರುತ್ತಾ?" ಅಂತ ಆ ಚಿಕ್ಕ ಡಾಕ್ಟರಮ್ಮ ಕೇಳಿತು. ಮು, ನಿ, ಯ ಆದ ಮೇಲೆ ಮ ಬರೆದು ಒತ್ತು ಕೊಡಲು ತುಸು ಹೊತ್ತಾಯಿತು. ಡಾಕ್ಟರಮ್ಮ ಕಾದಿತು.

ಸೋಮವಾರ ಸಂಜೆ ಅದೇ ಡಾಕ್ಟರಮ್ಮ ಬಂದು ಬಲತೊಡೆಯ ಮೇಲೆ ನೇರಳೆ ಬಣ್ಣದಲ್ಲಿ ಬಾಣದ ಗುರುತು ಎಳೆಯಿತು. ಸಿಸ್ಟರು ಸೊಂಟದಿಂದ ಮಂಡಿಯವರೆಗೆ ಕೂದಲು ತೆಗೆದು, ಕಂದು ಬಣ್ಣದ ಔಷಧಿಯಲ್ಲಿ ತೊಳೆದು, ಬಿಳಿ ಬಟ್ಟೆ ಸುತ್ತಿದರು. "ನಾಳೆ ಬೆಳಿಗ್ಗೆ ಮೊದಲನೇ ಕೇಸು ನೀವೇ. ಏನೂ ತಿನ್ಬೇಡಿ, ಏನೂ ಹಚ್ಬೇಡಿ" ಅಂದರು.

ಹನ್ನೆರಡರಿಂದ ಫಾತಿಮಾಬಿ ಕೂಗಿದಳು, "ಮುಬಾರಕ್ ಅಕ್ಕಾ, ಗೆರೆ ಬಿತ್ತು!"

ಇನ್ನು ಮುಂದಿನದು ನನ್ನ ತಪ್ಪು.

ಮಂಗಳವಾರ ಬೆಳಕು ಹರಿಯುವಾಗ ಎಚ್ಚರವಾಯಿತು. ತೊಡೆ ಉರಿಯುತ್ತಿತ್ತು, ಕೂದಲು ತೆಗೆದದ್ದಕ್ಕೆ. ಕೊಯ್ಯುತ್ತಾರೆ, ಕಬ್ಬಿಣ ಇಡುತ್ತಾರೆ, ನಂಜಾದರೆ? ನಮ್ಮಲ್ಲಿ ಕುಡುಗೋಲು ತಾಗಿದರೂ ಅರಿಶಿನ, ಕರುವಿಗೆ ಗಾಯವಾದರೂ ಅರಿಶಿನ, ಹೆತ್ತ ಬಾಣಂತಿಗೂ ಅರಿಶಿನ. ಗಾಯ ಆದ ಮೇಲೆ ಹಚ್ಚುವುದಕ್ಕಿಂತ ಮುಂಚೆಯೇ ಹಚ್ಚಿಕೊಂಡು ಹೋದರೆ ನಂಜು ಹತ್ತಿರವೇ ಸುಳಿಯುವುದಿಲ್ಲ ಅಂತ ನನ್ನ ತಲೆಗೆ ಹೊಳೆಯಿತು. ನೋಡಿ, ಎಷ್ಟು ಬುದ್ಧಿವಂತಿಕೆ. ಮನೆಯಲ್ಲಿ ಕುಟ್ಟಿದ ಅರಿಶಿನದ ಪೊಟ್ಟಣ ಸರೋಜಳ ಚೀಲದಲ್ಲಿತ್ತು, ಹಾಲಿಗೆ ಹಾಕಿ ಕುಡಿಯಲೆಂದು ನಾನೇ ತರಿಸಿದ್ದೆ. ತಲೆಗೆ ಹಚ್ಚುವ ಹರಳೆಣ್ಣೆಯೂ ಇತ್ತು.

"ಎರಡನ್ನೂ ಕಲಸಿ ತೊಡೆಗೆ ಹಚ್ಚೇ."

"ಸಿಸ್ಟರ್ ಏನೂ ಹಚ್ಬೇಡಿ ಅಂದವ್ರೆ ಅತ್ತೆ."

"ಸಿಸ್ಟರ್ ಅಂದಿದ್ದು ಪೌಡರು ಗೀಡರು. ಅರಿಶಿನ ಔಷ್ದಿ ಕಣೇ. ನಂಜಾದ್ರೆ ನಿನ್ ಸಿಸ್ಟರ್ ಬಂದು ಬಳೀತಾಳಾ? ನೀನೇ ಬಳೀಬೇಕು. ಹಚ್ಚು."

ಅವಳು ನಿಂತೇ ಇದ್ದಳು. ನಾನು ಒಂದೇ ಸಮ ಗೊಣಗಿದೆ. ಕೊನೆಗೆ ಪರದೆ ಎಳೆದು ಬಟ್ಟೆ ಬಿಚ್ಚಿ ಹಚ್ಚಿದಳು. ತಣ್ಣಗಾಯಿತು. ಇನ್ನೊಂದು ಮಾತು. ನನ್ನ ಗಂಡ ಹೋಗಿ ಹನ್ನೆರಡು ವರ್ಷ. ಅಂದಿನಿಂದ ನನ್ನ ಮೈಗೆ ಅರಿಶಿನ ಸೋಕಿಲ್ಲ, ನಮ್ಮ ಕಡೆ ಸೋಕಿಸುವುದಿಲ್ಲ. ಔಷಧಿಗೆ ಅಡ್ಡಿಯಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ಬಟ್ಟೆ ಮತ್ತೆ ಸುತ್ತುವಾಗ, "ಯಾರಿಗೂ ಹೇಳ್ಬೇಡ" ಅಂದೆ. "ಯಾಕೆ ಹೇಳ್ಲಿ" ಅಂದಳು.

ಗಾಲಿ ಮಂಚ ಬಂತು. ಹಸಿರು ಗೌನು ಹಾಕಿ, ತಲೆಗೆ ಚೀಲ ಕಟ್ಟಿ ತಳ್ಳಿಕೊಂಡು ಹೋದರು. ಥಿಯೇಟರಿನ ಬಾಗಿಲಲ್ಲಿ ಒಬ್ಬ ಸಿಸ್ಟರು ಬಟ್ಟೆ ಬಿಚ್ಚಿ ನೋಡಿ, ಹಾಗೇ ಕೈ ಬಿಟ್ಟರು.

"ಡಾಕ್ಟರೇ, ಇಲ್ಲಿ ಬನ್ನಿ."

ಮತ್ತಿನ ಸೂಜಿ ಕೊಡುವ ಡಾಕ್ಟರು ಬಂದು ನನ್ನ ತೊಡೆ ನೋಡಿ, ರೆಪ್ಪೆ ಎಳೆದು ಕಣ್ಣು ನೋಡಿ, ನಾಲಿಗೆ ನೋಡಿ, "ಇವರಿಗೆ ಕಾಮಾಲೆನಾ? ರಿಪೋರ್ಟಲ್ಲಿ ಇಲ್ವಲ್ಲ" ಅಂದರು. ನಾನು ಸುಮ್ಮನೆ ಸೂರು ನೋಡಿದೆ. ಮೂಳೆ ಡಾಕ್ಟರು ಬಂದರು. ಬೆರಳಿನಿಂದ ಸವರಿ ಮೂಸಿ ನೋಡಿದರು.

"ಎಣ್ಣೆ. ಅರಿಶಿನ. ನಮ್ಮ ಮಾರ್ಕ್ ಎಲ್ಲಿ? ಚರ್ಮ ನೋಡಿ, ಗುಳ್ಳೆ ಎದ್ದಿದೆ. ಇದರ ಮೇಲೆ ನಾನು ಹೇಗೆ ಕೊಯ್ಯಲಿ?" ಅಂದರು. ನಿಜ, ಉರಿ ಇದ್ದಲ್ಲೆಲ್ಲ ಕೆಂಪು ಗುಳ್ಳೆ ಎದ್ದಿದ್ದವು.

ನನ್ನನ್ನು ವಾಪಸು ತಳ್ಳಿಕೊಂಡು ಬಂದರು. ಡಾಕ್ಟರು ಹಿಂದೆಯೇ ವಾರ್ಡಿಗೆ ಬಂದರು. ಇಡೀ ವಾರ್ಡು ನೋಡುತ್ತಿತ್ತು.

"ಯಾರಮ್ಮಾ ಇದನ್ನ ಹಚ್ಚಿದ್ದು? ಬುದ್ಧಿ ಇಲ್ವಾ? ಸಿಸ್ಟರ್ ಹೇಳಿರ್ಲಿಲ್ವಾ? ಈ ವಯಸ್ಸಲ್ಲಿ ಒಂದೊಂದು ದಿನ ಮಲಗಿದ್ರೂ ಎದೆಗೆ ಕಫ ಕಟ್ಟುತ್ತೆ, ಬೆನ್ನು ಹುಣ್ಣಾಗುತ್ತೆ. ಗೊತ್ತಾ ನಿಮಗೆ?"

ಸರೋಜ ನನ್ನ ಕಡೆ ನೋಡಲಿಲ್ಲ. "ನಾನೇ ಸಾರ್" ಅಂದಳು.

ಆಗ ನಾನು ಬಾಯಿ ತೆರೆಯಬೇಕಾಗಿತ್ತು. ತೆರೆಯಲಿಲ್ಲ. ಗಂಡ ಸತ್ತ ಮುದುಕಿ ಅರಿಶಿನ ಮೆತ್ತಿಸಿಕೊಂಡು ಹೊರಟಿದ್ದಳು ಅಂತ ವಾರ್ಡಿನ ಹೆಂಗಸರು ನಗುವುದನ್ನು ನೆನೆಸಿಕೊಂಡೆ. ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳ ಹಾಗೆ ಮಲಗಿದೆ. ಡಾಕ್ಟರು "ಚರ್ಮ ಸರಿಹೋದರೆ ಶುಕ್ರವಾರ ನೋಡೋಣ" ಅಂತ ಹೇಳಿ ಹೋದರು. ಸರಿಹೋದರೆ. ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಸರಿಹೋಗದಿದ್ದರೆ? ನಡುಮನೆಯ ಮೂಲೆ ಕಣ್ಣ ಮುಂದೆ ಬಂತು.

ಸರೋಜಳ ರಜೆ ಬುಧವಾರಕ್ಕೆ ಮುಗಿಯುತ್ತಿತ್ತು. ಅವಳು ಕಿಟಕಿ ಹತ್ತಿರ ನಿಂತು ಸೂಪರ್‌ವೈಸರನ ಜೊತೆ ಫೋನಿನಲ್ಲಿ ಮಾತಾಡಿದ್ದು ನನಗೆ ಕೇಳಿಸಿತು. "ಇಲ್ಲ ಸಾರ್, ಆಗ್ಲಿಲ್ಲ ಸಾರ್... ನಮ್ ಕಡೆಯಿಂದಾನೇ ಒಂದು ತಪ್ಪಾಯ್ತು ಸಾರ್... ಬೇರೆಯೋರ್ನ ಕೂರಿಸ್ಕೊಳಿ ಸಾರ್, ಮನೆಗೆ ಕಳಿಸ್ದ ಮೇಲೆ ಬಂದು ನಿಮ್ಮ ಕೈಲಿ ಬೈಸ್ಕೋತೀನಿ." ಫೋನು ಇಟ್ಟು ಬಂದು, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ನನ್ನ ತೊಡೆಯ ಎಣ್ಣೆ ಒರೆಸಿದಳು. ಅರಿಶಿನ ಹೋಗಲಿಲ್ಲ. ಅದೇನು ಸುಲಭಕ್ಕೆ ಹೋಗುವ ಬಣ್ಣವಾ.

"ಯಾಕೇ ನೀನೇ ಅಂದೆ?" ಅಂದೆ.

"ಹಚ್ಚಿದ್ದು ನಾನೇ ಅಲ್ವಾ?"

"ಹಚ್ಚು ಅಂದಿದ್ದು ನಾನು."

"ಅದನ್ನ ಅವರು ಕೇಳ್ಲಿಲ್ವಲ್ಲ ಅತ್ತೆ. ತಿರುಗಿ, ಬೆನ್ನು ನೋಡ್ಬೇಕು."

ಇದಕ್ಕೆ ಏನು ಅರ್ಥ? ನನ್ನ ಮೇಲಿನ ಮರ್ಯಾದೆಯೋ, ಹೋಗಲಿ ಬಿಡು ಮುದುಕಿ ಅಂತಲೋ, ಇನ್ನೊಂದು ದಿನ ಎತ್ತಿ ಆಡಲು ಇಟ್ಟುಕೊಂಡದ್ದೋ? ಆ ಮೂರು ದಿನ ನಾನು ಅದನ್ನೇ ಯೋಚಿಸಿದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಮ್ಮತ್ತೆಯ ಹೆಸರನ್ನು ಇಡೀ ವಾರ್ಡಿಗೆ ಕೇಳಿಸುವ ಹಾಗೆ ಹೇಳುತ್ತಿದ್ದೆ. ಅದರಲ್ಲಿ ಅನುಮಾನವಿಲ್ಲ.

ಶುಕ್ರವಾರದ ಹೊತ್ತಿಗೆ ಗುಳ್ಳೆ ಬಾಡಿತು. ಮತ್ತೆ ಬಾಣದ ಗುರುತು. ಈ ಸಲ ಸಿಸ್ಟರು ನಮ್ಮ ಚೀಲದಲ್ಲಿ ಕೈಹಾಕಿ ಅರಿಶಿನದ ಪೊಟ್ಟಣ, ಎಣ್ಣೆ ಎರಡನ್ನೂ ತೆಗೆದಿಟ್ಟುಕೊಂಡರು. ಬೆನ್ನಿಗೆ ಸೂಜಿ ಚುಚ್ಚಿದರು. ಸೊಂಟದ ಕೆಳಗೆ ನಾನು ಇಲ್ಲವಾದೆ. ಮುಖದ ಮುಂದೆ ಹಸಿರು ಬಟ್ಟೆ ಕಟ್ಟಿದರು. ಎಚ್ಚರವಾಗಿಯೇ ಇದ್ದೆ. ಆಚೆಯಿಂದ ಕುಟ್ಟುವ ಸದ್ದು, ಕೊರೆಯುವ ಸದ್ದು. ಕುಲುಮೆ ಮುಂದೆ ನೇಗಿಲ ಗುಳ ತಟ್ಟಿಸಲು ಕೂತ ಹಾಗಿತ್ತು. ಬಟ್ಟೆಯ ಮೇಲ್ಗಡೆ ಯಾರೋ ಒಂದು ಕಾಲನ್ನು ಎತ್ತಿ ತಿರುಗಿಸುವುದು ಕಂಡಿತು. ಯಾರ ಕಾಲಪ್ಪಾ ಇದು ಅಂದುಕೊಂಡೆ. ಹಿಮ್ಮಡಿಯ ಬಿರುಕು ನೋಡಿ ಗುರುತು ಹಿಡಿದೆ. ನನ್ನದೇ.

ಆಮೇಲಿನ ಎರಡು ದಿನ ನನಗೆ ಗೊತ್ತಿಲ್ಲ. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಹೀಗೆ ತಲೆ ತಿರುಗುಮುರುಗಾಗುವುದು ಉಂಟು, ಹೆದರಬೇಡಿ ಅಂತ ಸರೋಜಳಿಗೆ ಹೇಳಿದ್ದರಂತೆ. ನನಗೆ ನೆನಪಿರುವುದು ಇಷ್ಟು: ವಾರ್ಡಿನ ತುಂಬ ಹಸು ಕಟ್ಟಿದ್ದರು. ನಮ್ಮತ್ತೆ ಬಾಗಿಲ ಹತ್ತಿರದ ಮಂಚದಲ್ಲಿ ಮಲಗಿ ನನ್ನನ್ನು ಕರೆಯುತ್ತಿದ್ದಳು, ನನಗೆ ಏಳಲು ಆಗುತ್ತಿರಲಿಲ್ಲ. "ಇರಿ ಅತ್ತೆ, ಬಂದೆ" ಅಂತ ಕೂಗಿದೆ. ಆ ಸಲ ಬೇಕಂತ ನಿಂತದ್ದಲ್ಲ, ನಿಜವಾಗಿಯೂ ಕಾಲು ಬರುತ್ತಿರಲಿಲ್ಲ. ಅವಳಿಗೆ ಅದು ಗೊತ್ತಾಯಿತೋ ಇಲ್ಲವೋ. ಕಂಬಕ್ಕೆ ನೇತುಹಾಕಿದ್ದ ರಕ್ತದ ಚೀಲ ನೋಡಿ, "ಹಾಲಲ್ಲಿ ರಕ್ತ ಬಂದೈತೆ, ಡೇರಿಗೆ ಹಾಕ್ಬೇಡಿ" ಅಂತ ಸಿಸ್ಟರಿಗೆ ಜೋರು ಮಾಡಿದೆನಂತೆ. ಆ ಚಿಕ್ಕ ಡಾಕ್ಟರಮ್ಮ ಬಂದಾಗ, "ಫ್ಯಾಟು ಕಮ್ಮಿ ಅಂತ ಬರೆದ್ರೆ ನೋಡು" ಅಂದೆನಂತೆ.

ಮೂರನೆಯ ದಿನ ಬೆಳಿಗ್ಗೆ ತಲೆ ತಿಳಿಯಾಯಿತು. ಹಸುಗಳು ಹೋಗಿದ್ದವು. ಸರೋಜ ಕಾಲ ಬುಡದಲ್ಲಿ ನಿಂತಿದ್ದಳು, ಕೈಯಲ್ಲಿ ಟೇಪು.

"ಎರಡೂ ಒಂದೇ ಅತ್ತೆ" ಅಂದಳು.

ಅವತ್ತೇ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾಲ್ಕು ಕಾಲಿನ ವಾಕರು ಕೊಟ್ಟು, ವ್ಯಾಯಾಮ ಮಾಡಿಸುವ ಒಬ್ಬ ಹುಡುಗಿ ಸೊಂಟಕ್ಕೆ ಕೈ ಕೊಟ್ಟು, "ಅಜ್ಜಿ, ಮೊದಲು ವಾಕರು, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೇ ಕಾಲು" ಅಂದಳು. ನಾನು ಒಳ್ಳೆಯದನ್ನೇ ಮೊದಲು ಇಟ್ಟೆ. ಮತ್ತೆ ಹೇಳಿದಳು. ಮತ್ತೆ ತಪ್ಪಿದೆ. ಹುಟ್ಟಿದಾಗಿನಿಂದ ನಡೆದವಳಿಗೆ ನಡೆಯುವುದು ಮರೆತಿತ್ತು. ನಾಲ್ಕು ಹೆಜ್ಜೆ ಹಾಕಿ ಬೆವೆತು ಕೂತೆ. ಕಣ್ಣಲ್ಲಿ ನೀರು ಬಂತು. ನೋವಿಗೆ. ಬೇರೆ ಏನಕ್ಕೂ ಅಲ್ಲ.

ನೆಲದ ಮೇಲೆ ಕೂರಬಾರದು, ಕುಕ್ಕರಗಾಲು ಸಾಯುವವರೆಗೆ ಬೇಡ, ಕಾಲ ಮೇಲೆ ಕಾಲು ಹಾಕಬಾರದು, ಕಕ್ಕಸು ಕುರ್ಚಿಯ ಥರದ್ದೇ ಆಗಬೇಕು ಅಂದರು. ಮಂಜುನಾಥ ಅಷ್ಟರಲ್ಲೇ ಮನೆಯಲ್ಲಿ ಕಮೋಡು ಕೂರಿಸಿದ್ದ. ಬಂದು ಹೇಳಿದ, "ಬಾಗಿಲ ಚಿಲಕಾನೂ ತೆಗ್ಸಿದೀನಿ ಕಣವ್ವಾ. ಒಳಗೆ ಬಿದ್ಗಿದ್ರೆ ಬಾಗಿಲು ಒಡೀಬೇಕಾಯ್ತದೆ. ಸುಮ್ನೆ ಒರಗಿಸ್ಕೊಂಡು ಹೋಗು, ಯಾರೂ ಬರಲ್ಲ."

ಇಷ್ಟೆಲ್ಲ ಕೊಯ್ಯಿಸಿಕೊಂಡು, ಕುಟ್ಟಿಸಿಕೊಂಡು, ಕೊನೆಗೆ ಒರಗಿಸಿದ ಬಾಗಿಲು. "ಚಿಲಕ ಇಲ್ದ ಕಕ್ಕಸು ಬಯಲಿಗಿಂತ ಏನು ಹೆಚ್ಚು?" ಅಂದೆ. ಅವನು ನಕ್ಕ. ಅವನು ಗಂಡಸು, ಅವನಿಗೆ ಅದು ನಗುವ ಮಾತು. ಸರೋಜ ಅಲ್ಲೇ ಹೊದಿಕೆ ಮಡಿಸುತ್ತಿದ್ದಳು.

ಆ ಸಂಜೆ ವಾರ್ಡಿನ ಕಮೋಡು ಕುರ್ಚಿಯ ಮೇಲೆ ನನ್ನನ್ನು ಕೂರಿಸಿದ್ದಾಗ ಅವಳು ಮತ್ತೆ ಟೇಪು ತೆಗೆದಳು. ಕೂತಲ್ಲಿಗೇ ಭುಜದಿಂದ ಬೆರಳ ತುದಿಗೆ ಅಳೆದಳು. ನೆಲದಿಂದ ಭುಜಕ್ಕೆ ಅಳೆದಳು. ಅಂಗೈ ಮೇಲೆ ಪೆನ್ನಲ್ಲಿ ಬರೆದುಕೊಂಡಳು.

"ಏನೇ ಇದು, ಇಲ್ಲೇ ರವಿಕೆ ಹೊಲೀತೀಯಾ?"

"ಸುಮ್ನೆ ಕೂತ್ಕೊಳಿ ಅತ್ತೆ."

ಇವಳಿಗೂ ತಲೆ ಕೆಟ್ಟಿತು, ಆಸ್ಪತ್ರೆ ಗಾಳಿ ಅಂದುಕೊಂಡೆ.

ಮನೆಗೆ ಕಳಿಸುವ ದಿನ ಮೂಳೆ ಡಾಕ್ಟರು ಬಂದರು. ಹೊಲಿಗೆ ನೋಡಿದರು. ನಾನು ಹಿಂದಿನ ದಿನವೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

"ಡಾಕ್ಟ್ರೇ, ಒಂದು ಮಾತು. ಅವತ್ತು ಅರಿಶಿನ ಹಚ್ಚಿದ್ದು ಇವಳಲ್ಲ. ಅಂದ್ರೆ ಇವಳೇ, ಆದ್ರೆ ಹಚ್ಚು ಅಂತ ಪ್ರಾಣ ತಿಂದಿದ್ದು ನಾನು. ಇವಳು ಬೇಡ ಅಂದಿದ್ಲು. ನೀವು ಬೈದಿದ್ದು ನನಗೆ ಸೇರಬೇಕಾದ್ದು."

ಡಾಕ್ಟರು ತಲೆ ಎತ್ತದೆ ಚೀಟಿ ಬರೆಯುತ್ತಲೇ, "ಗೊತ್ತು ಅಜ್ಜಿ" ಅಂದರು.

"ಹೆಂಗೆ ಗೊತ್ತು?"

"ನೀವೇ ಹೇಳಿದ್ರಿ. ಎರಡು ದಿನ ಬಂದವರಿಗೆಲ್ಲ ಹೇಳಿದ್ರಿ. ನನಗೆ, ಸಿಸ್ಟರ್‌ಗೆ, ಕಸ ಗುಡಿಸೋ ಅಮ್ಮನಿಗೆ."

ನಾನು ಸರೋಜಳ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿ ಆಚೆ ನೋಡುತ್ತಿದ್ದಳು. ಭುಜ ಅಲ್ಲಾಡುತ್ತಿತ್ತು. ಹನ್ನೆರಡರಿಂದ ಫಾತಿಮಾಬಿ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಅಕ್ಕಾ, ಅದೊಂದೇನಾ! 'ನಾನೇ ಹಚ್ಸ್‌ಕೊಂಡೆ, ಯಾರ್ಗೂ ಹೇಳ್ಬೇಡಿ, ನನ್ ಸೊಸೆ ಪಾಪ, ನನ್ ಸೊಸೆ ಚಿನ್ನ' ಅಂತ ವಾರ್ಡಿಗೆಲ್ಲ ಕೂಗಿದ್ದೇ ಕೂಗಿದ್ದು."

"ಚಿನ್ನ ಅಂತ ಅಂದಿರೋಕೆ ಸಾಧ್ಯ ಇಲ್ಲ" ಅಂದೆ.

"ಅಲ್ಲಾ ಮೇಲಾಣೆ ಅಂದ್ರಿ ಅಕ್ಕಾ."

ಅಂದೆನೋ ಇಲ್ಲವೋ, ನನಗೆ ನೆನಪಿಲ್ಲ. ಅರಿಶಿನದ ವಿಷಯಕ್ಕೆ ಯಾರೂ ನಕ್ಕಿರಲಿಲ್ಲವಂತೆ. ಎದುರು ಸಾಲಿನ ಇಬ್ಬರು ಹೆಂಗಸರು, ಅಜ್ಜಿ ಹೇಳೋದು ಸರಿಯಾಗೇ ಐತೆ, ನಮ್ಮ ಕಡೇನೂ ಹಚ್ತೀವಿ ಅಂದರಂತೆ. ಸಿಸ್ಟರು ಆಮೇಲೆ ಅವರ ಚೀಲಗಳನ್ನೂ ನೋಡಿದರಂತೆ.

ಮನೆಗೆ ಬಂದಾಗ ಮಧ್ಯಾಹ್ನ. ಆಟೋದಿಂದ ಇಳಿಸಿ, ವಾಕರು ಕೊಟ್ಟು, ಜಗಲಿಯ ಮೇಲೆ ಕುರ್ಚಿ ಹಾಕಿದರು. ಊರೇ ಬಂದಿತ್ತು. ಪಿಳ್ಳಪ್ಪ ನನ್ನ ಕಾಲು ನೋಡಿ, "ಕಟ್ಟು ಕಟ್ಸಿದ್ರೆ ಇಷ್ಟೊತ್ಗೆ ಓಡಾಡ್ತಿದ್ದೆ ಕಣಕ್ಕಾ" ಅಂದ. ಅವನನ್ನು ಒರಳಿಗೆ ಹಾಕಿ ರುಬ್ಬಬೇಕು ಅನಿಸಿತು. ಮಾತಾಡಲು ಹೊತ್ತಿರಲಿಲ್ಲ. ದಾರಿಯುದ್ದಕ್ಕೂ ತಡೆದುಕೊಂಡು ಬಂದಿದ್ದೆ.

ಎದ್ದೆ. ವಾಕರು, ಕೆಟ್ಟ ಕಾಲು, ಒಳ್ಳೆ ಕಾಲು. ನಡುಮನೆ ದಾಟಿದೆ. ನಮ್ಮತ್ತೆ ಮಲಗಿದ್ದ ಮೂಲೆಯಲ್ಲಿ ಈಗ ರಾಗಿ ಚೀಲ ಇಟ್ಟಿದ್ದಾರೆ. ಅಲ್ಲಿ ಒಂದು ಗಳಿಗೆ ನಿಂತೆ, ಉಸಿರು ತೆಗೆದುಕೊಳ್ಳಲು. ಸರೋಜ ಹಿಂದೆಯೇ ಬಂದಳು, ಮುಟ್ಟಲಿಲ್ಲ. ಹೊಸ ಕಮೋಡಿನ ಮೇಲೆ ಎರಡೂ ಕೈ ಊರಿ, ಆ ಹುಡುಗಿ ಹೇಳಿಕೊಟ್ಟ ಹಾಗೆ ಬಲಗಾಲು ಮುಂದೆ ಚಾಚಿ ಕೂತೆ. ಸರೋಜ ಹೊರಗಿನಿಂದ ಬಾಗಿಲು ಎಳೆದಳು.

ಬಾಗಿಲ ಮೇಲ್ಗಡೆ ಹಳೆಯ ಚಿಲಕ ಕಿತ್ತ ಜಾಗದಲ್ಲಿ ನಾಲ್ಕು ತೂತು ಇದ್ದವು. ಅದಕ್ಕಿಂತ ಬಹಳ ಕೆಳಗೆ, ಮಕ್ಕಳಿಗೆ ಎಟುಕುವ ಎತ್ತರದಲ್ಲಿ, ಒಂದು ಹೊಸ ಚಿಲಕ ಹೊಡೆದಿದ್ದರು. ಯಾವಾಗ ಹೊಡೆಸಿದಳೋ, ಯಾರ ಕೈಯಲ್ಲಿ ಹೊಡೆಸಿದಳೋ, ಮಗನಿಗೆ ಗೊತ್ತಿತ್ತೋ ಇಲ್ಲವೋ. ಕೂತಲ್ಲಿಂದಲೇ ಕೈ ಚಾಚಿದೆ. ಭುಜ ಎಳೆಯಬೇಕಾಗಲಿಲ್ಲ, ಬಗ್ಗಬೇಕಾಗಲಿಲ್ಲ. ಬೆರಳ ತುದಿಗೆ ಸರಿಯಾಗಿ ಸಿಕ್ಕಿತು.

"ಎಟುಕ್ತಾ ಅತ್ತೆ?" ಅಂತ ಹೊರಗಿನಿಂದ ಕೇಳಿದಳು.

"ಎಟುಕ್ತು. ನೀನು ಹೋಗು" ಅಂದು ಚಿಲಕ ಹಾಕಿಕೊಂಡೆ.